ಕರಾವಳಿಯಲ್ಲಿ ಪರ್ಮಾಕಲ್ಚರ್ ವಿನ್ಯಾಸ ಕಲಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರು ಸುತ್ತಮುತ್ತ ಜಾಗ ಇರುವವರು, ಕೊಳ್ಳಲು ಹೊರಟವರು, ಮನೆಯ ತೋಟವನ್ನು ಮತ್ತೆ ಕೈಗೆತ್ತಿಕೊಂಡವರು ಎರಡು ವಾರದ ಪರ್ಮಾಕಲ್ಚರ್ (ಮನೆ, ಬೆಳೆ, ಮರ, ದನ, ನೀರು ಒಂದಕ್ಕೊಂದು ಒದಗುವಂತೆ ಜಾಗವನ್ನು ಜೋಡಿಸುವ ವಿನ್ಯಾಸ) ಶಿಬಿರಕ್ಕೆ ಹೋಗುವ ಮೊದಲು ಮತ್ತು ಹೋಗಿ ಬಂದ ಮೇಲೆ ಕೇಳುವ ಪ್ರಶ್ನೆಗಳು ಇವು. ಈ ವಿಷಯದ ಪುಸ್ತಕಗಳು, ವಿಡಿಯೋಗಳು ಹೆಚ್ಚಾಗಿ ಒಣ ಪ್ರದೇಶಕ್ಕಾಗಿ ಮಾಡಿದವು. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದರೂ ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುತ್ತದೆ. ಆದ್ದರಿಂದ ಇಲ್ಲಿನ ಉತ್ತರಗಳಲ್ಲಿ ಅರ್ಧಕ್ಕರ್ಧ ನೀರಿನದೇ.

ಎರಡು ವಾರದಲ್ಲಿ ಏನು ಕಲಿಸುತ್ತಾರೆ?

ಬಿಲ್ ಮಾಲಿಸನ್ ಮತ್ತು ಡೇವಿಡ್ ಹೋಮ್‌ಗ್ರೆನ್ 1970ರ ದಶಕದಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಈ ವಿಚಾರವನ್ನು ರೂಪಿಸಿದರು. ಅದರ ವಿನ್ಯಾಸ ಕೋರ್ಸಿಗೆ ಎಲ್ಲೆಡೆ ರೂಢಿಯಲ್ಲಿರುವ ಅಳತೆ 72 ಗಂಟೆ. ದಿನಕ್ಕೆ ಆರು ಗಂಟೆಯಂತೆ ಹನ್ನೆರಡು ದಿನ, ನಡುವೆ ಒಂದು ಬಿಡುವು. ಸಂಜೆ ನಕ್ಷೆ ಬಿಡಿಸುವ ಕೆಲಸ ಈ ಲೆಕ್ಕಕ್ಕೆ ಸೇರುವುದಿಲ್ಲ.

ಬೆಳೆ ಬೆಳೆಯುವ ವಿದ್ಯೆ ಇದರಲ್ಲಿ ಪೂರ್ತಿ ಸಿಗುವುದಿಲ್ಲ. ಕಾಳುಮೆಣಸಿನ ಕಸಿ, ಅಡಿಕೆಯ ಆರೈಕೆ, ಭತ್ತದ ನಾಟಿ ಇವುಗಳಿಗೆ ಬೇರೆ ಗುರುಗಳು ಬೇಕು. ಯಾವುದು ಎಲ್ಲಿ ಇರಬೇಕು, ಯಾವುದರ ಪಕ್ಕ ಇರಬೇಕು, ಒಂದರ ಹೊಲಸು ಇನ್ನೊಂದಕ್ಕೆ ಹೇಗೆ ಉಣಿಸಾಗಬೇಕು ಎಂಬುದು ಇಲ್ಲಿನ ಪಾಠ. ಕೊನೆಯ ಮೂರು ದಿನ ನಾಲ್ಕೈದು ಜನರ ಗುಂಪು ಒಂದು ನಿಜವಾದ ಜಾಗಕ್ಕೆ ನಕ್ಷೆ ಮಾಡಿ ಎಲ್ಲರ ಮುಂದೆ ಮಂಡಿಸುತ್ತದೆ. ಆ ಮೂರು ದಿನ ಇಲ್ಲದ ಶಿಬಿರವನ್ನು ವಿನ್ಯಾಸ ಕೋರ್ಸ್ ಎನ್ನಲಾಗದು.

ನಮ್ಮ ಅಜ್ಜನ ಮನೆಯ ಹಿತ್ತಿಲೂ ಹೀಗೆಯೇ ಇತ್ತಲ್ಲ?

ಬಹಳಷ್ಟು ಹಾಗೆಯೇ ಇತ್ತು. ಪರ್ಮಾಕಲ್ಚರಿನಲ್ಲಿ ಮನೆಯಿಂದ ಹೊರಕ್ಕೆ ಒಂದರಿಂದ ಐದರವರೆಗೆ ವಲಯಗಳನ್ನು ಗುರುತಿಸುತ್ತಾರೆ. ದಿನಕ್ಕೆ ಎಷ್ಟು ಸಲ ಅಲ್ಲಿ ಕಾಲಿಡುತ್ತೀರಿ ಎಂಬುದೇ ಅಳತೆಗೋಲು. ಬಚ್ಚಲ ನೀರು ಹರಿಯುವಲ್ಲಿ ಬಸಳೆ ಚಪ್ಪರ, ಬಾವಿಕಟ್ಟೆಯ ಬದಿಯಲ್ಲಿ ತಿಮರೆ (ಒಂದೆಲಗ) ಮತ್ತು ಕೆಸು: ಇದು ಒಂದನೆಯದು. ಹಟ್ಟಿ, ಗೊಬ್ಬರದ ಗುಂಡಿ, ನಾಲ್ಕು ತೆಂಗು, ಜೀಗುಜ್ಜೆ (ದೀವಿಹಲಸು) ಎರಡನೆಯದು. ಅಡಿಕೆ ತೋಟ ಮತ್ತು ಬೈಲಿನ (ಗುಡ್ಡಗಳ ನಡುವಿನ ತಗ್ಗಿನ) ಗದ್ದೆ ಮೂರನೆಯದು. ಗೇರು, ಪುನರ್ಪುಳಿ (ಕೋಕಂ), ಸೊಪ್ಪು ತರುವ ಗುಡ್ಡ ನಾಲ್ಕನೆಯದು. ಕತ್ತಿ ಮುಟ್ಟಿಸದ ನಾಗಬನ ಐದನೆಯದು. ಐದನೆಯ ವಲಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲೂ ಸಿಗಲಿಕ್ಕಿಲ್ಲ.

ಆದರೆ ಅಜ್ಜನ ಏರ್ಪಾಟು ನಿಂತಿದ್ದದ್ದು ಹಟ್ಟಿ ತುಂಬ ದನ, ಮನೆ ತುಂಬ ಜನ, ಸೊಪ್ಪು ಹೊರಲು ಆಳುಗಳು ಇದ್ದ ಕಾಲದಲ್ಲಿ. ಇಂದು ಇಬ್ಬರೇ ಇರುವ ಮನೆಗೆ ಅದೇ ನಕ್ಷೆ ನಡೆಯದು. ಕೆಲಸದ ಗಂಟೆ ಲೆಕ್ಕ ಹಾಕಿ ವಲಯಗಳನ್ನು ಕುಗ್ಗಿಸುವುದನ್ನು ಕೋರ್ಸಿನಲ್ಲಿ ಕಲಿಯಬೇಕು.

ಯಾವ ತಿಂಗಳಲ್ಲಿ ಸೇರಬೇಕು?

ಮಣ್ಣಿನ ಕೆಲಸ ಕಲಿಯಲು ನವೆಂಬರ್ ಕೊನೆಯಿಂದ ಜನವರಿ ಒಳ್ಳೆಯದು. ನೆಲ ಇನ್ನೂ ಮೆದು, ಬಿಸಿಲು ಸಹಿಸಬಹುದು. ಮಾರ್ಚ್ ಕಳೆದರೆ ಮುರಕಲ್ಲಿನ (ಕೆಂಪುಕಲ್ಲಿನ) ನೆಲಕ್ಕೆ ಪಿಕ್ಕಾಸು ಹಾಕಿದರೂ ಕಿಡಿ ಹಾರುತ್ತದೆಯೇ ಹೊರತು ಗುಂಡಿಯಾಗುವುದಿಲ್ಲ.

ಡಿಸೆಂಬರಿನಲ್ಲಿ ನೋಡಿದ ಜಾಗ ಜುಲೈಯಲ್ಲಿ ಬೇರೆಯೇ ಆಗಿರುತ್ತದೆ, ನಿಜ. ಆದ್ದರಿಂದ ಮಳೆಗಾಲದಲ್ಲಿ ಒಂದೆರಡು ದಿನ ಅದೇ ಜಾಗಕ್ಕೆ ಮತ್ತೆ ಕರೆದೊಯ್ಯುವ ಕೋರ್ಸ್ ಸಿಕ್ಕರೆ ಅದನ್ನೇ ಆರಿಸಿ. ಕೊಡೆ ಹಿಡಿದು ಒಂದು ಗಂಟೆ ಗುಡ್ಡದಲ್ಲಿ ನಿಂತರೆ ನೀರು ತಾನೇ ನಕ್ಷೆ ಬಿಡಿಸಿ ತೋರಿಸುತ್ತದೆ.

ಜಾಗ ಓದುವುದು ಎಂದರೆ ಏನು ಮಾಡುವುದು?

ಮೊದಲು ಪಹಣಿ ಮತ್ತು ಸರ್ವೆ ನಕ್ಷೆ ಹಿಡಿದು ಗಡಿ ನಡೆಯುವುದು. ನಮ್ಮ ಜಿಲ್ಲೆಗಳಲ್ಲಿ ಕುಮ್ಕಿಯನ್ನೂ ಸ್ವಂತ ಜಾಗವೆಂದೇ ಎಣಿಸಿ ನಕ್ಷೆ ಮಾಡುವುದು ಸಾಮಾನ್ಯ ತಪ್ಪು. ಕುಮ್ಕಿ ಸರ್ಕಾರಿ ಜಾಗ; ವರ್ಗದಾರರಿಗೆ (ಅದರ ಹತ್ತಿರದ ಪಟ್ಟಾ ಜಾಗದ ಒಡೆಯರಿಗೆ) ಅಲ್ಲಿ ಸೊಪ್ಪು, ಸೌದೆ, ಮೇವಿನ ಸವಲತ್ತು ಇದೆಯೇ ಹೊರತು ಒಡೆತನವಲ್ಲ. ಕೆರೆ, ಶೆಡ್ಡು ಅಲ್ಲಿ ಬರೆಯಬೇಡಿ.

ನಕ್ಷೆಯ ಪ್ರಮಾಣ ಹತ್ತಿಪ್ಪತ್ತು ಸೆಂಟ್ಸಿಗೆ 1:100, ಒಂದೆರಡು ಎಕರೆಗೆ 1:500. ಅದರ ಮೇಲೆ ಪಾರದರ್ಶಕ ಹಾಳೆ ಇಟ್ಟು ನೀರು ಬರುವ, ಹೋಗುವ ದಾರಿ, ಮುಂಗಾರಿನ ನೈರುತ್ಯ ಗಾಳಿ, ಬಿಸಿಲು, ಬೆಂಕಿ ಬರಬಹುದಾದ ದಿಕ್ಕು, ಹಂದಿಯ ದಾರಿ ಒಂದೊಂದಾಗಿ ಗುರುತಿಸಬೇಕು. ಬಿಸಿಲಿನ ಬಗ್ಗೆ ಒಂದು ಎಚ್ಚರ: ಆಸ್ಟ್ರೇಲಿಯಾದ ಪುಸ್ತಕದಲ್ಲಿ ಬಿಸಿಲಿನ ಕಡೆ ಎಂದರೆ ಉತ್ತರ. ನಮ್ಮಲ್ಲಿ ವರ್ಷದ ಹೆಚ್ಚಿನ ಕಾಲ ಅದು ದಕ್ಷಿಣ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ.

ಮಣ್ಣಿಗೆ ಎರಡು ಪರೀಕ್ಷೆ. ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಚಿಟಿಕೆ ಸೋಪಿನ ಪುಡಿ ಹಾಕಿ ಐದು ನಿಮಿಷ ಕುಲುಕಿ ಇಡಿ. ಮರಳು ಒಂದು ನಿಮಿಷದಲ್ಲಿ ಕೂರುತ್ತದೆ, ಗೋಡು ಎರಡು ಗಂಟೆಯಲ್ಲಿ, ಜೇಡಿ ಮರುದಿನಕ್ಕೆ. ಪದರಗಳನ್ನು ಸ್ಕೇಲಿನಲ್ಲಿ ಅಳೆಯಿರಿ. ಎರಡನೆಯದು ಇಂಗುವಿಕೆ: 30 ಸೆಂಟಿಮೀಟರ್ ಅಗಲ, ಅಷ್ಟೇ ಆಳದ ಗುಂಡಿಗೆ ನೀರು ತುಂಬಿ ಪೂರ್ತಿ ಇಂಗಲು ಬಿಡಿ, ಮತ್ತೆ ತುಂಬಿ ಗಂಟೆಗೆ ಎಷ್ಟು ಇಳಿಯಿತೆಂದು ಬರೆದುಕೊಳ್ಳಿ. ಮೊದಲ ಸಲದ ಅಳತೆ ಲೆಕ್ಕಕ್ಕಿಲ್ಲ. ಒಣ ಮಣ್ಣು ಯಾವಾಗಲೂ ಹೆಚ್ಚು ಕುಡಿಯುತ್ತದೆ.

ಮಟ್ಟದ ಗೆರೆ (ಇಳಿಜಾರಿನಲ್ಲಿ ಒಂದೇ ಎತ್ತರದ ಬಿಂದುಗಳನ್ನು ಸೇರಿಸುವ ಗೆರೆ) ಎಳೆಯಲು ದೊಡ್ಡ ಉಪಕರಣ ಬೇಕೇ?

ಬೇಡ. ಎರಡು ಮೀಟರ್ ಉದ್ದದ ಎರಡು ಬಿದಿರು ಅಥವಾ ಅಡಿಕೆ ಸಲಾಕೆ, ನಡುವೆ ಅಡ್ಡಕ್ಕೆ ಒಂದು, ತುದಿಯಿಂದ ಇಳಿಬಿಟ್ಟ ದಾರಕ್ಕೆ ಕಲ್ಲು. ‘ಎ’ ಆಕಾರದ ಈ ಚೌಕಟ್ಟಿನ ಕಾಲುಗಳನ್ನು ಎರಡು ಕಲ್ಲುಗಳ ಮೇಲೆ ಇಟ್ಟು ದಾರ ಅಡ್ಡಪಟ್ಟಿಯನ್ನು ಮುಟ್ಟುವಲ್ಲಿ ಗುರುತು ಮಾಡಿ. ಈಗ ಕಾಲುಗಳನ್ನು ಅದಲುಬದಲು ಮಾಡಿ ಅದೇ ಕಲ್ಲುಗಳ ಮೇಲಿಟ್ಟು ಮತ್ತೊಂದು ಗುರುತು. ಎರಡರ ನಡುವಿನ ಬಿಂದುವೇ ಸಮಮಟ್ಟ. ಕಾಲುಗಳು ಒಂದೇ ಉದ್ದ ಇಲ್ಲದಿದ್ದರೂ ಈ ಕ್ರಮದಿಂದ ತಪ್ಪು ತಾನೇ ಸರಿಹೋಗುತ್ತದೆ. ಕಡಲ ಗಾಳಿ ಬೀಸುವ ಮಧ್ಯಾಹ್ನ ದಾರ ನಿಲ್ಲುವುದಿಲ್ಲ. ಬೆಳಗ್ಗೆಯೇ ಮುಗಿಸಿ ಅಥವಾ ಭಾರದ ಕಲ್ಲು ಕಟ್ಟಿ.

ಉದ್ದದ ಗೆರೆಗೆ ಮೇಸ್ತ್ರಿಗಳು ಬಳಸುವ ನೀರಿನ ಪೈಪೇ ಬೇಗ. ಒಳಗೆ ಒಂದು ಗಾಳಿಗುಳ್ಳೆ ಉಳಿದರೂ ಅಳತೆ ಕೆಡುತ್ತದೆ. ನೀರು ತುಂಬಿದ ಮೇಲೆ ಎರಡೂ ತುದಿ ಜೋಡಿಸಿ ಹಿಡಿದು ಮಟ್ಟ ಒಂದೇ ಇದೆಯೇ ನೋಡಿ ಹೊರಡಿ.

ಗುಡ್ಡದಲ್ಲಿ ಉದ್ದಕ್ಕೂ ಕಂದಕ ತೋಡಿ ನೀರಿಂಗಿಸಬಹುದೇ?

ಎಲ್ಲ ಕಡೆ ಅಲ್ಲ. ತಪ್ಪಿದರೆ ಇಡೀ ಕೋರ್ಸಿನಲ್ಲಿ ಜೀವಕ್ಕೆ ಅಪಾಯ ತರುವ ಪಾಠ ಇದೊಂದೇ.

ಲೆಕ್ಕ ನೋಡಿ. ಮೇಲೆ ಒಂದು ಎಕರೆ ಇಳಿಜಾರು ಇದೆ ಎಂದುಕೊಳ್ಳಿ, ಅಂದರೆ ಸುಮಾರು 4000 ಚದರ ಮೀಟರ್. ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಹೊಡೆದರೆ ಬಿದ್ದ ನೀರು ಎರಡು ಲಕ್ಷ ಲೀಟರ್. ಕೆಳಗೆ ನೀವು ತೋಡಿದ ಕಂದಕ 30 ಮೀಟರ್ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳ: ಹಿಡಿಯುವುದು ಸುಮಾರು ಹನ್ನೊಂದು ಸಾವಿರ ಲೀಟರ್ ಮಾತ್ರ. ನೆನೆದ ಗುಡ್ಡದ ನೀರೆಲ್ಲ ಹರಿದು ಬಂದರೆ ಮೂರು ನಾಲ್ಕು ನಿಮಿಷದಲ್ಲಿ ತುಂಬುತ್ತದೆ. ಆಮೇಲೆ ನೀರು ದಂಡೆಯ ಅತಿ ತಗ್ಗಾದ ಕಡೆ ಒಡೆದುಕೊಂಡು, ಮಣ್ಣನ್ನೂ ಕರೆದುಕೊಂಡು ಇಳಿಯುತ್ತದೆ. ಆದ್ದರಿಂದ ಇಲ್ಲಿ ಮೊದಲು ವಿನ್ಯಾಸ ಮಾಡಬೇಕಾದದ್ದು ತುಂಬಿ ಹೋಗುವ ನೀರಿನ ದಾರಿಯನ್ನು. ಕಂದಕ ಆಮೇಲೆ.

ಎರಡನೆಯದು ಮುರಕಲ್ಲಿನ ಅಡಿಯ ಶೇಡಿ ಮಣ್ಣು. ಬಾವಿ ತೋಡುವಾಗ, ಗುಡ್ಡ ಕಡಿದಲ್ಲಿ ಕೆಂಪುಕಲ್ಲಿನ ಕೆಳಗೆ ಬಿಳಿ, ಹಳದಿ, ನಸುಗೆಂಪು ಬಣ್ಣದಲ್ಲಿ ಸಾಬೂನಿನಂತೆ ನುಣ್ಣಗೆ ಕಾಣುವುದೇ ಅದು. ಒಣಗಿದಾಗ ಗಟ್ಟಿ, ನೀರು ಕುಡಿದರೆ ಹಿಡಿತ ಬಿಟ್ಟು ಜಾರುತ್ತದೆ. ಒಂದು ಒಣ ಹೆಂಟೆಯನ್ನು ಲೋಟದ ನೀರಿಗೆ ಹಾಕಿ ನೋಡಿ, ಕಣ್ಣೆದುರೇ ಕುಸಿಯುತ್ತದೆ. ಇಂಥ ಗುಡ್ಡದ ನೆತ್ತಿಯಲ್ಲಿ ನೀರು ನಿಲ್ಲಿಸಿ ಬುಡದಲ್ಲಿ ಮನೆಗಾಗಿ ಜೆಸಿಬಿಯಿಂದ ನೇರ ಕಡಿದಿದ್ದರೆ ಜರಿತವನ್ನು ನೀವೇ ಕರೆದಂತೆ.

ಪಾಲಿಸಬೇಕಾದ ಕಟ್ಟುಪಾಡುಗಳು ಇಷ್ಟು. ನೂರು ಅಡಿಗೆ ಹದಿನೈದು ಅಡಿಗಿಂತ ಹೆಚ್ಚು ಇಳಿಯುವ ಕಡೆ ನೀರು ನಿಲ್ಲಿಸುವ ಕಂದಕ ಬೇಡ. ಅಲ್ಲಿ ಮರ, ಲಾವಂಚದ ಸಾಲು, ಕಲ್ಲುಕಟ್ಟೆ ಸಾಕು. ಮನೆ, ಹಟ್ಟಿ, ರಸ್ತೆ ಅಥವಾ ಕಡಿದ ದರೆಯ (ನೇರ ಮಣ್ಣುಗೋಡೆಯ) ಮೇಲ್ಭಾಗದಲ್ಲಿ ಕಂದಕ ಬೇಡವೇ ಬೇಡ. ಉಳಿದ ಕಡೆ ಒಂದೇ ಉದ್ದದ ಕಂದಕದ ಬದಲು ಮೂರು ನಾಲ್ಕು ಮೀಟರಿನ ತುಂಡು ತುಂಡು ಇಂಗುಗುಂಡಿಗಳನ್ನು ಸಾಲು ತಪ್ಪಿಸಿ ಮಾಡಿ. ಒಂದು ಒಡೆದರೂ ಉಳಿದವು ನಿಲ್ಲುತ್ತವೆ. ಉಕ್ಕುವ ಕಡೆ ಒಂದು ಮೀಟರ್ ಅಗಲಕ್ಕೆ ಮುರಕಲ್ಲಿನ ತುಂಡು ಹಾಸಿ, ಆ ಬಾಯಿ ದಂಡೆಗಿಂತ ಅರ್ಧ ಅಡಿಯಾದರೂ ತಗ್ಗಿರಲಿ.

ಊರಿನವರು ನೀರು ಹಿಡಿದ ರೀತಿ ಬೇರೆ. ಬೈಲಿನ ತಲೆಯಲ್ಲಿ ಸಹಜ ತಗ್ಗಿಗೆ ಒಂದು ಬದಿ ದಂಡೆ ಹಾಕಿದ ಮದಕ, ಮಳೆ ಮುಗಿದ ಮೇಲೆ ತೋಡಿಗೆ (ಹಳ್ಳಕ್ಕೆ) ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಕಟ್ಟುವ ಕಟ್ಟ, ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗ. ಬಂಟ್ವಾಳ ತಾಲೂಕಿನ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗಗಳನ್ನು ಕೊರೆದು ತೋಟ ಎಬ್ಬಿಸಿದ್ದಕ್ಕೆ 2022ರಲ್ಲಿ ಪದ್ಮಶ್ರೀ ಬಂತು. ಇವುಗಳನ್ನು ನೋಡಲು ಒಂದು ದಿನ ಇಟ್ಟುಕೊಳ್ಳದ ಕೋರ್ಸಿನಲ್ಲಿ ಕರಾವಳಿಯ ನೀರಿನ ಪಾಠ ಅಪೂರ್ಣ.

ಮಾಡಿನ (ಛಾವಣಿಯ) ನೀರಿನಿಂದ ಬೇಸಿಗೆ ಕಳೆಯಬಹುದೇ?

100 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ ಬೀಳುವುದು ನಾಲ್ಕು ಲಕ್ಷ ಲೀಟರ್. ಸೋರಿ, ಆರಿ ಹೋದದ್ದು ಕಳೆದರೂ ಮೂರು ಲಕ್ಷದ ಮೇಲೆ ಸಿಗುತ್ತದೆ. ಐದು ಜನಕ್ಕೆ ದಿನಕ್ಕೆ 500 ಲೀಟರಿನಂತೆ ಫೆಬ್ರವರಿಯಿಂದ ಮೇ ವರೆಗೆ 120 ದಿನಕ್ಕೆ 60,000 ಲೀಟರ್ ಬೇಕು. ನೀರು ಧಾರಾಳ, ಇಡಲು ಜಾಗವೇ ಕಷ್ಟ. ಅಷ್ಟು ದೊಡ್ಡ ಟ್ಯಾಂಕಿಗೆ ಹಣ ಸುರಿಯುವ ಬದಲು ಕುಡಿಯಲು, ಅಡುಗೆಗೆ 5,000ದಿಂದ 10,000 ಲೀಟರಿನದು ಕಟ್ಟಿ. ಅದನ್ನು ತುಂಬುವುದು ಜೂನ್‌ನಲ್ಲಿ ಅಲ್ಲ, ಸೆಪ್ಟೆಂಬರ್ ಕೊನೆಯಲ್ಲಿ. ಅಷ್ಟರಲ್ಲಿ ಮಾಡು ತೊಳೆದು ಶುಭ್ರವಾಗಿರುತ್ತದೆ, ನೀರೂ ಹೊಸದು.

ಬಾವಿಗೆ ಮಾಡಿನ ನೀರು ಬಿಡುವ ಬಗ್ಗೆ ಬಹಳ ಜನ ಉತ್ಸಾಹದಿಂದ ಕೇಳುತ್ತಾರೆ. ಜುಲೈಯಲ್ಲಿ ನಮ್ಮ ಬಾವಿಗಳು ತಾವಾಗಿಯೇ ತುಂಬಿರುತ್ತವೆ. ಆಗ ಬಿಟ್ಟ ನೀರು ತೋಡಿಗೆ ಹೋಗುವುದೇ. ಪ್ರಯೋಜನ ಇರುವುದು ಅಕ್ಟೋಬರ್, ನವೆಂಬರಿನ ಗುಡುಗು ಮಳೆಯನ್ನು ಬಿಡುವುದರಲ್ಲಿ ಮತ್ತು ಬಾವಿಗಿಂತ ಮೇಲಿನ ನೆಲದಲ್ಲಿ ನೀರಿನ ಓಟ ನಿಧಾನಿಸುವುದರಲ್ಲಿ. ಬಿಡುವುದಾದರೆ ಜಲ್ಲಿ, ಇದ್ದಿಲು, ಮರಳಿನ ಸೋಸು ಡ್ರಮ್ಮು ಕಡ್ಡಾಯ. ಅದರ ಮೇಲಿನ ಮರಳನ್ನು ವರ್ಷಕ್ಕೊಮ್ಮೆ ತೆಗೆದು ತೊಳೆಯದಿದ್ದರೆ ಎರಡನೇ ಮಳೆಗಾಲಕ್ಕೆ ಅದು ಕಟ್ಟಿಕೊಳ್ಳುತ್ತದೆ.

ಬಾಳೆ ಗುಂಡಿ ಇಲ್ಲಿ ಆಗುತ್ತದೆಯೇ?

ಆಗುತ್ತದೆ, ಆದರೆ ಪುಸ್ತಕದಂತೆ ಅಲ್ಲ. ಎರಡು ಮೀಟರ್ ಅಗಲ, ಒಂದು ಮೀಟರ್ ಆಳದ ಗುಂಡಿ ತೋಡಿ, ಸುತ್ತ ಬಾಳೆ ನೆಟ್ಟು, ನಡುವೆ ಕಸ ತುಂಬುವುದು ಮೂಲ ವಿಧಾನ. ನಮ್ಮ ಜೂನ್‌ನಲ್ಲಿ ಅದು ಸಣ್ಣ ಕೆರೆಯಾಗಿ ಬಾಳೆಯ ಬೇರು ಕೊಳೆಯುತ್ತದೆ, ಸೊಳ್ಳೆ ಮೊಟ್ಟೆ ಇಡುತ್ತದೆ. ಗುಂಡಿ ಎರಡು ಅಡಿಗಿಂತ ಆಳ ಬೇಡ. ತೆಗೆದ ಮಣ್ಣನ್ನು ಸುತ್ತ ಒಂದೂವರೆ ಅಡಿ ಎತ್ತರಕ್ಕೆ ಏರಿಸಿ, ಬಾಳೆ ಅದರ ಮೇಲೆ ನಾಲ್ಕೋ ಐದೋ. ಒಂದು ಕಡೆ ನೀರು ಹೊರಹೋಗುವ ಕಣಿ ಬಿಡಿ. ಮಾಡಿನ ನೀರು ಅದಕ್ಕೆ ಬೀಳದಂತೆ ನೋಡಿ, ಬಚ್ಚಲ ನೀರು ಮಾತ್ರ ಬರಲಿ. ತರಗೆಲೆ, ಸೋಗೆ ಸದಾ ತುಂಬಿರಲಿ, ನೀರಿನ ಮೈ ಕಾಣಬಾರದು. ಬ್ಲೀಚಿಂಗ್ ಪುಡಿ, ಫಿನಾಯಿಲ್ ಸುರಿಯುವ ಬಚ್ಚಲಾದರೆ ಈ ಯೋಚನೆ ಬಿಡಿ.

ಮಳೆಗಾಲದಲ್ಲಿ ಕಾಂಪೋಸ್ಟ್ ಕೊಳೆತು ನಾರುತ್ತದೆ. ಏಕೆ?

ರಾಶಿಯ ಮೇಲೆ ಮಾಡು ಇಲ್ಲ, ಅಷ್ಟೇ. ತಗಡು ಅಥವಾ ತೆಂಗಿನ ಮಡಲಿನ ಚಪ್ಪರದ ಅಡಿ, ನೆಲದಿಂದ ಅರ್ಧ ಅಡಿ ಎತ್ತರದ ಕಟ್ಟೆಯ ಮೇಲೆ ರಾಶಿ ಹಾಕಿ. ಒಂದು ಘನ ಮೀಟರಿಗಿಂತ ಕಡಿಮೆಯಾದರೆ ಬಿಸಿ ಏರುವುದಿಲ್ಲ. ಬುಟ್ಟಿ ಲೆಕ್ಕದಲ್ಲಿ ಒಣ ತರಗೆಲೆ ಮತ್ತು ಬೆರಳುದ್ದ ಕತ್ತರಿಸಿದ ಅಡಿಕೆ ಸೋಗೆ ಎರಡು, ಗ್ಲಿರಿಸಿಡಿಯಾದಂಥ ಹಸಿರು ಒಂದು, ಸಗಣಿ ಒಂದು ಎಂದು ಶುರುಮಾಡಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಧಾರೆ ಅಲ್ಲ. ನಾಲ್ಕು ದಿನ ಬಿಟ್ಟು, ಆಮೇಲೆ ಎರಡು ದಿನಕ್ಕೊಮ್ಮೆ ಮಗುಚಿ. ಒಳಗೆ 55ರಿಂದ 65 ಡಿಗ್ರಿ ಇರಬೇಕು. ಸರಳು ಚುಚ್ಚಿ ತೆಗೆದರೆ ಕೈಯಲ್ಲಿ ಹಿಡಿದುಕೊಂಡಿರಲು ಆಗದಷ್ಟು ಬಿಸಿ. ಮೂತ್ರದ ವಾಸನೆ ಬಂದರೆ ಹಸಿರು ಹೆಚ್ಚಾಗಿದೆ, ಒಣ ಎಲೆ ಸೇರಿಸಿ. ಕೊಳೆತ ಮೊಟ್ಟೆಯ ವಾಸನೆಯಾದರೆ ಗಾಳಿಯಿಲ್ಲ, ಮಗುಚಿ. ಬಿಸಿಯೇ ಏರದಿದ್ದರೆ ಒಣಗಿದೆ ಇಲ್ಲವೇ ಸಗಣಿ ಸಾಲದು.

ಹುಳಿ ಮಣ್ಣಿಗೆಂದು ಸುಣ್ಣವನ್ನು ಸಗಣಿಯ ಜೊತೆಗೇ ಬೆರೆಸುವವರಿದ್ದಾರೆ. ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಎರಡರ ನಡುವೆ ಮೂರು ವಾರ ಇರಲಿ, ಸುಣ್ಣದ ಪ್ರಮಾಣ ಮಣ್ಣು ಪರೀಕ್ಷೆ ನೋಡಿ. ಬ್ರಹ್ಮಾವರ ಮತ್ತು ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿ.

ಹೊದಿಕೆ ಯಾವಾಗ ಹಾಕಬೇಕು?

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ, ನೆಲದಲ್ಲಿ ತೇವ ಇರುವಾಗ. ದಪ್ಪ ನಾಲ್ಕರಿಂದ ಆರು ಇಂಚು, ಗಿಡದ ಬುಡದಿಂದ ಒಂದು ಗೇಣು ದೂರ. ಜೂನ್‌ನಲ್ಲಿ ಎಳೆಗಿಡಕ್ಕೆ ಒತ್ತಿ ಹಾಕಿದರೆ ಬುಡ ಕೊಳೆಯುತ್ತದೆ, ಬಸವನಹುಳುವಿಗೆ ಮನೆಯಾಗುತ್ತದೆ. ಮಾರ್ಚಿನಲ್ಲಿ ಒಣ ನೆಲದ ಮೇಲೆ ಹಾಕಿದರೆ ಗೆದ್ದಲಿಗೆ ಊಟ. ತೆಂಗಿನ ಸಿಪ್ಪೆಯಾದರೆ ಕಣಿಯಲ್ಲಿ ಒಳಬದಿ ಮೇಲಾಗುವಂತೆ ಜೋಡಿಸಿ ಹೂಳಿ.

ಅಡಿಕೆ ತೋಟ ಇದೆ. ಕಡಿದು ಕಾಡುತೋಟ (ಕಾಡಿನಂತೆ ಹಲವು ಅಂತಸ್ತಿನ ತೋಟ) ಮಾಡಬೇಕೇ?

ಖಂಡಿತ ಬೇಡ. 2.7 ಮೀಟರ್ ಅಂತರದ ಅಡಿಕೆಯಲ್ಲಿ ಎಕರೆಗೆ ಸುಮಾರು 550 ಮರ. ಅದೇ ಮೇಲಿನ ಅಂತಸ್ತು. ಮೈಗೆ ಕಾಳುಮೆಣಸು, ಸಾಲು ಬಿಟ್ಟು ಸಾಲಿನಲ್ಲಿ ಕೊಕ್ಕೋ, ಅಂಚಿನಲ್ಲಿ ಜಾಯಿಕಾಯಿ, ನೆಲದಲ್ಲಿ ಕೆಸು, ಅರಿಶಿನ. ನೈರುತ್ಯದ ಇಳಿಬಿಸಿಲಿಗೆ ಅಡಿಕೆಯ ಕಾಂಡ ಸುಟ್ಟು ಸೀಳುತ್ತದೆ. ಆ ಬದಿಗೆ ಎತ್ತರದ ಮರದ ಸಾಲು ಕೊಡಿ. ಮೊದಲು ಬಸಿಗಾಲುವೆ ಸರಿ ಮಾಡಿ. ನೀರು ನಿಂತ ತೋಟದಲ್ಲಿ ಏನು ನೆಟ್ಟರೂ ನಷ್ಟವೇ.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನು ನಿಲ್ಲಿಸಬೇಕೇ ಎಂಬ ಪ್ರಶ್ನೆಗೆ ಕೋರ್ಸುಗಳಲ್ಲಿ ಜಾರಿಕೊಳ್ಳುವವರೇ ಹೆಚ್ಚು. ನಮ್ಮ ಮಳೆಯಲ್ಲಿ ಕೊಳೆರೋಗಕ್ಕೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣದ ಶೇಕಡಾ ಒಂದರ ದ್ರಾವಣವನ್ನು ಬಿಟ್ಟು ಫಸಲು ಉಳಿಸಿಕೊಳ್ಳುವ ಖಚಿತ ದಾರಿ ವಿನ್ಯಾಸದಲ್ಲಿ ಇಲ್ಲ. ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ ಎಂಬುದೂ ನಿಜ. ಅಡಿಕೆಯ ಮೇಲಿನ ಅವಲಂಬನೆ ಕಡಿಮೆಯಾದಷ್ಟೂ ಸಿಂಪಡಣೆ ಕಡಿಮೆ ಮಾಡುವ ಧೈರ್ಯ ಬರುತ್ತದೆ.

ಹತ್ತು ಸೆಂಟ್ಸ್ ಮಾತ್ರ ಇದೆ. ಸಾಕೇ?

ಹತ್ತು ಸೆಂಟ್ಸ್ ಎಂದರೆ ಸುಮಾರು 400 ಚದರ ಮೀಟರ್. ಮನೆ, ಅಂಗಳ, ಬಾವಿ, ವಾಹನದ ದಾರಿ ಕಳೆದರೆ ಅರ್ಧ ಉಳಿಯುತ್ತದೆ. ಮೂರು ತೆಂಗು, ಒಂದು ಜೀಗುಜ್ಜೆ, ಎರಡು ನುಗ್ಗೆ, ಒಂದು ನಿಂಬೆ, ಬಾಳೆ, ಪಪ್ಪಾಯಿ, ಬಸಳೆ, ಮಡಿಗಳಲ್ಲಿ ತರಕಾರಿ. ಹಲಸು ಬೇಕೇಬೇಕೆಂದರೆ ಒಂದು ತೆಂಗು ಬಿಡಿ. ಅದರ ನೆರಳು ಎಂಟು ಹತ್ತು ಮೀಟರ್ ಹರಡುತ್ತದೆ. ನರ್ಸರಿಯ ತೊಟ್ಟೆಯಲ್ಲಿ ಎಲ್ಲ ಗಿಡವೂ ಪುಟ್ಟದಾಗಿ ಕಾಣುವುದರಿಂದ ಮೊದಲ ವರ್ಷ ಮೂರು ಪಟ್ಟು ನೆಟ್ಟುಬಿಡುತ್ತಾರೆ, ಐದನೇ ವರ್ಷ ಕತ್ತಿ ಹಿಡಿಯುತ್ತಾರೆ. ನಕ್ಷೆಯಲ್ಲಿ ಮರವನ್ನು ಬೆಳೆದ ಗಾತ್ರದ ವೃತ್ತವಾಗಿಯೇ ಬರೆಯಿರಿ.

ಮಂಗ, ನವಿಲು, ಹಂದಿಗೆ ಏನು ಪರಿಹಾರ?

ವಿನ್ಯಾಸದಿಂದ ಪೂರ್ತಿ ಪರಿಹಾರವಿಲ್ಲ. ಹಣ್ಣು, ತರಕಾರಿ ಮನೆಯ ಕಣ್ಣಳತೆಯಲ್ಲಿ, ಮರಗೆಣಸು ಗಟ್ಟಿ ಬೇಲಿಯೊಳಗೆ. ದೂರದ ಅಂಚಿಗೆ ಪುನರ್ಪುಳಿ, ಕಾಳುಮೆಣಸು, ಅರಿಶಿನ.

ಸಹಜ ಕೃಷಿಗೂ ಇದಕ್ಕೂ ಏನು ವ್ಯತ್ಯಾಸ?

ಸಹಜ ಕೃಷಿ, ಜೀವಾಮೃತ ಇವು ಬೆಳೆಯುವ ಕ್ರಮಗಳು. ಪರ್ಮಾಕಲ್ಚರ್ ಜಾಗದ ಜೋಡಣೆ. ಒಂದರೊಳಗೆ ಇನ್ನೊಂದನ್ನು ಇಟ್ಟುಕೊಳ್ಳಬಹುದು.

ಪ್ರಮಾಣಪತ್ರಕ್ಕೆ ಬೆಲೆ ಇದೆಯೇ?

ಸರ್ಕಾರಿ ಪದವಿಯಲ್ಲ, ಸಾಲಕ್ಕೂ ಸಬ್ಸಿಡಿಗೂ ಲೆಕ್ಕಕ್ಕಿಲ್ಲ. 72 ಗಂಟೆ ಮುಗಿಸಿ ಒಂದು ವಿನ್ಯಾಸ ಮಂಡಿಸಿದ್ದೀರಿ ಎಂಬುದಕ್ಕೆ ಸಾಕ್ಷಿ, ಅಷ್ಟೇ.

ಒಳ್ಳೆಯ ಶಿಬಿರ ಗುರುತಿಸುವುದು ಹೇಗೆ?

ಕಲಿಸುವವರ ಸ್ವಂತ ಜಾಗವನ್ನು ಜುಲೈಯಲ್ಲೂ ಏಪ್ರಿಲ್‌ನಲ್ಲೂ ನೋಡಬಹುದೇ ಕೇಳಿ. ತೋಟದ ಆದಾಯ ಎಷ್ಟು, ಕೋರ್ಸಿನ ಶುಲ್ಕದ ಆದಾಯ ಎಷ್ಟು ಎಂದೂ ಕೇಳಿ, ಮುಜುಗರ ಬೇಡ. ಎರಡನೆಯದೇ ದೊಡ್ಡದಾದರೆ ತಪ್ಪೇನಲ್ಲ, ಆದರೆ ತಿಳಿದಿರಬೇಕು. ಒಂದು ತಂಡಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚು ಜನರಿದ್ದರೆ ಎಲ್ಲರ ಕೈಗೆ ಹಾರೆ ಬರುವುದಿಲ್ಲ. ಪಾಠ ಕನ್ನಡದಲ್ಲಿದೆಯೇ, ತೋಟದ ಕೆಲಸದವರೊಡನೆ ತುಳುವಿನಲ್ಲಿ ಮಾತಾಡುವವರು ತಂಡದಲ್ಲಿ ಇದ್ದಾರೆಯೇ ನೋಡಿ. ಮಣ್ಣಿನ, ನೀರಿನ ಎಷ್ಟೋ ವಿವರಗಳಿಗೆ ಇಲ್ಲಿ ತುಳುವಿನಲ್ಲಿ ಮಾತ್ರ ಹೆಸರಿದೆ.

ಏನು ತರಬೇಕು?

30 ಮೀಟರ್ ಟೇಪು, ಸ್ಕೇಲು, ಪೆನ್ಸಿಲ್, ಪಾರದರ್ಶಕ ಹಾಳೆ. ತೋಳು ಮುಚ್ಚುವ ಹತ್ತಿ ಬಟ್ಟೆ ಮೂರು ಜೊತೆ, ಹಳೆ ಮುಟ್ಟಾಳೆ (ಹಾಳೆಯ ಟೊಪ್ಪಿ) ಅಥವಾ ಬೇರೆ ಟೊಪ್ಪಿ, ಹಾವು ಕಾಣಲು ಟಾರ್ಚು. ಮಳೆಗಾಲಕ್ಕೆ ಉಂಬಳಕ್ಕಾಗಿ (ಜಿಗಣೆಗೆ) ಉಪ್ಪು, ಸುಣ್ಣ. ನಿಮ್ಮದೇ ಜಾಗವಿದ್ದರೆ ಅದರ ಪಹಣಿ, ಸರ್ವೆ ನಕ್ಷೆಯ ಪ್ರತಿ, ಮತ್ತು ಎರಡು ಡಬ್ಬಿ ಮಣ್ಣು: ಒಂದು ಗುಡ್ಡದ ತಲೆಯದು, ಇನ್ನೊಂದು ಬೈಲಿನದು. ಡಬ್ಬಿಯ ಮೇಲೆ ಎಲ್ಲಿಯದೆಂದು ಬರೆದೇ ತನ್ನಿ.